ಜಾಗ ನೋಡದೆ ಷರಾ ಬರೆಯದ ಚಿಕ್ಕಿ

(ಶಿವಮೊಗ್ಗದ ಒಂದು ನೆನಪಿನ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ನಮ್ಮ ಚಿಕ್ಕಿಯ (ಚಿಕ್ಕಮ್ಮನ) ಬಗ್ಗೆ ಊರಲ್ಲಿ ಎರಡು ಥರದ ಕತೆ ಓಡಾಡುತ್ತವೆ. ಯೆಜ್ಡಿ ಬೈಕ್ ಓಡಿಸುತ್ತಿದ್ದ, ಹಿನ್ನೀರಿನಲ್ಲಿ ತೆಪ್ಪ ಹಾಕುತ್ತಿದ್ದ, ಪುಷ್ಯ ಮಳೆಯಲ್ಲೂ ಕೊಡಚಾದ್ರಿಯ ಬುಡದ ಹಳ್ಳಿಗಳಿಗೆ ಒಬ್ಬಳೇ ಹೋಗುತ್ತಿದ್ದ ಹೆಂಗಸಿನ ಕತೆ ಒಂದು. ತಾಲ್ಲೂಕು ಕಚೇರಿಗೆ ಎರಡನೇ ದರ್ಜೆ ಗುಮಾಸ್ತೆಯಾಗಿ ಸೇರಿ, ತಹಶೀಲ್ದಾರ್ ಆಗಿ ನಿವೃತ್ತಿಯಾದ ಸರ್ಕಾರಿ ನೌಕರಳ ಕತೆ ಇನ್ನೊಂದು. ಮೊದಲನೆಯದನ್ನು ಮನೆಯ ಮಕ್ಕಳು ಹೇಳುತ್ತಾರೆ. ಎರಡನೆಯದನ್ನು ಅವಳ ಜೊತೆ ಕೆಲಸ ಮಾಡಿದವರು ಹೇಳುತ್ತಾರೆ. ಇಲ್ಲಿ ಎರಡೂ ಕಡೆಯವರು ಕೂತಿದ್ದೀರಿ. ಇವೆರಡೂ ಒಂದೇ ಕತೆ ಅಂತ ಹೇಳಲಿಕ್ಕೆ ನಾನು ನಿಂತಿದ್ದೇನೆ. ಚಿಕ್ಕಿ ಕಾಡು ಸುತ್ತಿದ್ದು, ಹೊಳೆ ದಾಟಿದ್ದು ಬಹುಪಾಲು ಕೆಲಸದ ಮೇಲೆಯೇ. ಕಾಗದದಲ್ಲಿರುವ ಜಾಗವನ್ನು ಕಣ್ಣಾರೆ ನೋಡದೆ ಅವಳು ಷರಾ, ಅಂದರೆ ಕಡತದ ಟಿಪ್ಪಣಿ, ಬರೆಯುತ್ತಿರಲಿಲ್ಲ. ಮಲೆನಾಡಿನಲ್ಲಿ ಆ ಒಂದು ಹಠ ಇದ್ದರೆ ಸಾಕು, ಅದು ಮನುಷ್ಯರನ್ನು ಎಲ್ಲೆಲ್ಲಿಗೋ ಕರೆದುಕೊಂಡು ಹೋಗುತ್ತದೆ.

ಅವಳು, ಇವಳು ಅಂತ ಮಾತಾಡುತ್ತಿದ್ದೇನೆ. ಹಿರಿಯರು ಬೇಸರ ಮಾಡಿಕೊಳ್ಳಬೇಡಿ. ನಮ್ಮ ಮನೆಯಲ್ಲಿ ಚಿಕ್ಕಿಗೆ ಬಹುವಚನ ಹಚ್ಚಿ ಅಭ್ಯಾಸವಿಲ್ಲ.

ಚಿಕ್ಕಿ ಹುಟ್ಟಿದ್ದು 1952ರಲ್ಲಿ, ಶರಾವತಿ ಕಣಿವೆಯ ಒಂದು ಹಳ್ಳಿಯಲ್ಲಿ. ಆ ಹಳ್ಳಿ ಈಗ ನೀರಿನ ಕೆಳಗಿದೆ. ಅಜ್ಜ ಗೇಣಿ ಮಾಡುತ್ತಿದ್ದರು. ಚಿಕ್ಕಿ ಹುಟ್ಟುವ ಹಿಂದಿನ ವರ್ಷ, ಅಂದರೆ 1951ರಲ್ಲಿ, ಕಾಗೋಡಿನ ರೈತರು ಗೇಣಿ ಅಳೆಯುವ ಕೊಳಗದ ವಿಷಯಕ್ಕೆ ಒಡೆಯರ ಎದುರು ನಿಂತರು. ಉಳಬಾರದು ಅಂದ ಗದ್ದೆಗೆ ನೇಗಿಲು ಹೊತ್ತುಕೊಂಡು ಹೋಗಿ ಇಳಿದರು, ಜೈಲಿಗೆ ಹೋದರು. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಇದೆಲ್ಲ ನಿಮಗೆ ಗೊತ್ತಿರುವುದೇ. ನಮ್ಮ ಅಜ್ಜ ಅದರಲ್ಲಿ ಇರಲಿಲ್ಲ. ಆದರೆ ಆ ಸುದ್ದಿ ನಮ್ಮ ಜಗಲಿಯಲ್ಲಿ ವರ್ಷಗಟ್ಟಲೆ ಮಾತಾಗಿತ್ತು. ಚಿಕ್ಕಿ ಅದನ್ನು ಕೇಳಿಕೊಂಡೇ ಬೆಳೆದಳು.

ಆಮೇಲೆ ಲಿಂಗನಮಕ್ಕಿ ಬಂತು. 1964ರಲ್ಲಿ ಅಣೆಕಟ್ಟು ಮುಗಿಯಿತು. ಚಿಕ್ಕಿಗೆ ಆಗ ಹನ್ನೆರಡು. ಮನೆಯ ಹಂಚು, ಬಾಗಿಲು, ಒನಕೆ, ಕರು, ಮಕ್ಕಳು ಎಲ್ಲ ಒಂದೇ ಲಾರಿಯಲ್ಲಿ ಹೊರಟವು. ಇಳಿಸಿದ ಕಡೆ ಬರೀ ಕಾಡು. ಅದಕ್ಕಿಂತ ದೊಡ್ಡ ಪೆಟ್ಟು ಬೇರೆ ಇತ್ತು. ಜಮೀನಿನ ದಾಖಲೆಯಾದ ಪಹಣಿಯಲ್ಲಿ ಇದ್ದದ್ದು ಒಡೆಯರ ಹೆಸರು. ಹಾಗಾಗಿ ಜಮೀನಿನ ಪರಿಹಾರದ ದುಡ್ಡೂ ಒಡೆಯರಿಗೇ ಹೋಯಿತು. ಮೂರು ತಲೆಮಾರು ಆ ಗದ್ದೆ ಉತ್ತವರಿಗೆ ಕೈಗೆ ಸಿಕ್ಕಿದ್ದು ಮನೆ ಮತ್ತು ಕೊಟ್ಟಿಗೆಯ ಲೆಕ್ಕದ ಚೂರು ಹಣ. ಅಜ್ಜ ಕಚೇರಿಯಿಂದ ಕಚೇರಿಗೆ ಅಲೆದರು. ಯಾವ ಕಚೇರಿ, ಯಾರು ಅಂತ ಹೇಳುವುದು ಬೇಡ. ಪ್ರತಿ ಸಲವೂ ಮೇಜಿನ ಆಚೆ ಕೂತವರು ಕೇಳುತ್ತಿದ್ದದ್ದು ಒಂದೇ: ‘ಹೆಸರು ಎಲ್ಲಿದೆ ತೋರಿಸು.’ ಅಜ್ಜನ ಜೊತೆ ಹೋಗುತ್ತಿದ್ದ ಹುಡುಗಿ ಚಿಕ್ಕಿ. ಯಾಕಂದ್ರೆ ಮನೆಯಲ್ಲಿ ಓದಲು ಬರುತ್ತಿದ್ದದ್ದು ಅವಳಿಗೆ ಮಾತ್ರ. ತಾನು ಮೇಜಿನ ಆಚೆ ಹೋಗಿ ಕೂರಬೇಕು ಅಂತ ಅವಳು ಆಗಲೇ ತೀರ್ಮಾನ ಮಾಡಿದಳಂತೆ. ಅವಳು ಸಿಟ್ಟಿನಿಂದ ಸರ್ಕಾರಿ ಕೆಲಸಕ್ಕೆ ಸೇರಿದವಳು. ಇದನ್ನು ನಾನು ಬಹಳ ಗೌರವದಿಂದ ಹೇಳುತ್ತಿದ್ದೇನೆ.

ಅವಳು ಕೆಲಸಕ್ಕೆ ಸೇರಿದ್ದು 1975ರಲ್ಲಿ. ಆ ಹೊತ್ತು ಎಂಥದು ಅಂತ ಇಲ್ಲಿರುವ ಚಿಕ್ಕ ವಯಸ್ಸಿನವರಿಗೆ ಸ್ವಲ್ಪ ಹೇಳಬೇಕು. 1974ರ ಮಾರ್ಚ್ 1ರಿಂದ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದಿತ್ತು. ದೇವರಾಜ ಅರಸು ಮುಖ್ಯಮಂತ್ರಿ. ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿತು. ಉಳುವವನು ಫಾರಂ ನಂಬರ್ 7 ತುಂಬಿ ಅರ್ಜಿ ಹಾಕಿದರೆ, ಭೂ ನ್ಯಾಯಮಂಡಳಿ ವಿಚಾರಣೆ ಮಾಡಿ ಅವನಿಗೆ ಕೊಡಬೇಕು. ಮಂಡಳಿಗೆ ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು. ಒಂದು ವಿಶೇಷ ಏನಂದ್ರೆ, ಮಂಡಳಿಯ ಮುಂದೆ ವಕೀಲರು ಬರುವ ಹಾಗಿರಲಿಲ್ಲ. ಒಡೆಯನೂ ತಾನೇ ಮಾತಾಡಬೇಕು, ಗೇಣಿದಾರನೂ ತಾನೇ ಮಾತಾಡಬೇಕು. ಅಲ್ಲಿಯವರೆಗೆ ಒಡೆಯರ ಅಂಗಳದಲ್ಲಿ ತಲೆ ಎತ್ತದೆ ನಿಂತಿದ್ದವನು ಅದೇ ಒಡೆಯರ ಎದುರು, ಅಧಿಕಾರಿಗಳ ಎದುರು, ‘ಇದು ನಾನು ಉತ್ತ ನೆಲ’ ಅನ್ನಬೇಕು. ಹೇಳುವುದು ಸುಲಭ ಅಲ್ವಾ? ಬಾಯಿ ಒಣಗಿ ಮಾತು ಬಾರದೆ ಹಾಗೇ ವಾಪಸ್ ಹೋದವರೂ ಇದ್ದರು.

ಚಿಕ್ಕಿ ಆ ಅರ್ಜಿಗಳ ವಿಭಾಗದಲ್ಲಿ ಗುಮಾಸ್ತೆ. ಹಗಲೆಲ್ಲ ಕಡತ ಕಟ್ಟುವುದು, ಸಂಜೆ ಕಚೇರಿಯ ಜಗಲಿಯಲ್ಲಿ ಕೂತು ಬಂದವರಿಗೆ ಅರ್ಜಿ ತುಂಬಿ ಕೊಡುವುದು. ಅರ್ಜಿಯ ಕೊನೆಯ ದಿನವನ್ನು ಮುಂದೆ ಹಾಕುತ್ತಾ ಹಾಕುತ್ತಾ 1979ರ ಜೂನ್ 30ಕ್ಕೆ ತಂದು ನಿಲ್ಲಿಸಿದರು. ಅಷ್ಟೂ ವರ್ಷ ಅವಳ ಸಂಜೆಗಳು ಹೀಗೇ ಕಳೆದವು.

ಆ ಕಾಲದ ಒಂದು ಪ್ರಕರಣವನ್ನು ಅವಳು ಬಹಳ ಸಲ ಹೇಳುತ್ತಿದ್ದಳು. ಒಬ್ಬ ಹೆಂಗಸು. ಗಂಡ ತೀರಿಹೋಗಿದ್ದ. ಗೇಣಿ ಗದ್ದೆಯನ್ನು ಆಕೆಯೇ ಮಾಡಿಸುತ್ತಿದ್ದಳು. ಆದರೆ ಅರ್ಜಿ ಹಾಕಿದ್ದು ಮೈದುನ, ತನ್ನೊಬ್ಬನ ಹೆಸರಿನಲ್ಲಿ. ಆಕೆ ತಾನೂ ಒಂದು ಅರ್ಜಿ ಕೊಟ್ಟಿದ್ದಳು. ಆದರೆ ಆಕೆಯ ಹತ್ತಿರ ಒಂದು ಚೂರು ಕಾಗದವೂ ಇರಲಿಲ್ಲ. ಗೇಣಿ ಕೊಟ್ಟಿದ್ದಕ್ಕೆ ರಸೀದಿ ಕೊಡುವ ಪದ್ಧತಿ ಆಗೆಲ್ಲಿತ್ತು? ಮಂಡಳಿಯವರು ಜಾಗಕ್ಕೇ ಹೋದರು. ಚಿಕ್ಕಿ ಕಡತ ಹಿಡಿದುಕೊಂಡು ಹಿಂದೆ ಹೋದಳು. ಗದ್ದೆಯ ಅಂಚಿನಲ್ಲಿ ನಿಂತು ಮೈದುನನನ್ನು ಕೇಳಿದರು, ಅವನು ಎಕರೆ ಗುಂಟೆ ಹೇಳಿದ. ಆಕೆಯನ್ನು ಕೇಳಿದರು. ಆಕೆ ಎಕರೆ ಗುಂಟೆ ಹೇಳಲಿಲ್ಲ. ಗದ್ದೆಗಳ ಹೆಸರು ಹೇಳಿದಳು. ಇದು ಬಾವಿಗದ್ದೆ, ಇದು ಮೂಲೆಗದ್ದೆ, ಆಚೆಯದು ಮಕ್ಕಿ. ಬಾವಿಗದ್ದೆಗೆ ನೀರು ಎಲ್ಲಿಂದ ತಿರುಗಿಸಬೇಕು, ಆರಿದ್ರಾ ಮಳೆಗೆ ಯಾವ ಅಂಚು ಮೊದಲು ಒಡೆಯುತ್ತದೆ, ಏಡಿ ಎಲ್ಲಿ ತೂತು ಮಾಡುತ್ತದೆ, ಯಾವ ಮೂಲೆಯಲ್ಲಿ ಎತ್ತಿನ ಕಾಲು ಹೂತುಹೋಗುತ್ತದೆ ಎಲ್ಲ ಹೇಳಿದಳು. ಮೈದುನ ಸುಮ್ನೆ ನಿಂತಿದ್ದ. ಅಧ್ಯಕ್ಷರು ಇಷ್ಟನ್ನೂ ಬರೆದುಕೊಳ್ಳಿ ಅಂದರು. ಚಿಕ್ಕಿ ಅಕ್ಷರ ಬಿಡದೆ ಬರೆದುಕೊಂಡಳು. ಆಕೆಯ ಹೆಸರಿಗೆ ಗದ್ದೆ ಆಯಿತು.

ಅಲ್ಲಿಂದ ಚಿಕ್ಕಿಗೆ ಒಂದು ಅಭ್ಯಾಸ ಹತ್ತಿತು. ಎಲ್ಲಿಗೆ ಹೋದರೂ ಗದ್ದೆಗಳ ಹೆಸರು ಕೇಳಿ ಬರೆದುಕೊಳ್ಳುವುದು. ಸರ್ಕಾರಕ್ಕೆ ಬೇಕಾದ್ದು ಸರ್ವೆ ನಂಬರ್. ಆದರೂ ಕಿರುಪುಸ್ತಕದ ಎಡಗಡೆ ಸರ್ವೆ ನಂಬರ್, ಬಲಗಡೆ ಗದ್ದೆಯ ಹೆಸರು. ಆ ಪುಸ್ತಕಗಳ ವಿಷಯಕ್ಕೆ ಕೊನೆಗೆ ಬರುತ್ತೇನೆ.

ಪರೀಕ್ಷೆ ಬರೆದು, ಬಡ್ತಿ ಸಿಕ್ಕಿ, ಪ್ರಥಮ ದರ್ಜೆಗೆ ಬಂದ ಮೇಲೆ ಅವಳು ರೆವಿನ್ಯೂ ಇನ್ಸ್‌ಪೆಕ್ಟರ್ ಕೆಲಸ ಕೇಳಿದಳು. ಹೆಂಗಸರನ್ನು ಟಪಾಲು, ರೆಕಾರ್ಡ್ ರೂಮು, ಟೈಪು ಅಂತ ಒಳಗೇ ಕೂರಿಸುತ್ತಿದ್ದ ಕಾಲ ಅದು. ಹೋಬಳಿ ಸುತ್ತುವ ಕೆಲಸ ಗಂಡಸರದ್ದು. ‘ಹೆಂಗಸರಿಗೆ ಫೀಲ್ಡ್ ಬೇಡಮ್ಮ’ ಅಂತ ಮೇಲಿನವರು ಒಬ್ಬರು ಪ್ರೀತಿಯಿಂದಲೇ ಹೇಳಿದರಂತೆ. ಆಗ ಚಿಕ್ಕಿ ಒಂದು ಅರ್ಜಿ ಬರೆದಳು: ಹೆಂಗಸರಿಗೆ ಈ ಹುದ್ದೆ ಕೊಡಬಾರದು ಅನ್ನುವ ನಿಯಮ ಯಾವುದು ಅಂತ ದಯಮಾಡಿ ತಿಳಿಸಬೇಕು. ಉತ್ತರ ಬರಲಿಲ್ಲ. ಕೆಲವು ತಿಂಗಳಾದ ಮೇಲೆ ಆದೇಶ ಬಂತು.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ. ಆ ಅರ್ಜಿ ಬರೆಯುವ ಧೈರ್ಯ ಅವಳಿಗೆ ಕೊಡಗಿನಿಂದ ಬಂದಿತ್ತು. ವಿರಾಜಪೇಟೆಯ ಸಿ.ಬಿ. ಮುತ್ತಮ್ಮ ನಮ್ಮ ದೇಶದ ವಿದೇಶಾಂಗ ಸೇವೆಗೆ ಸೇರಿದ ಮೊದಲ ಹೆಣ್ಣುಮಗಳು. 1949ರ ಮಾತು ಅದು. ಹೆಣ್ಣಾದವಳು ಮದುವೆಯಾಗಲು ಸರ್ಕಾರದ ಒಪ್ಪಿಗೆ ಕೇಳಬೇಕು, ಮದುವೆಯಿಂದ ಕೆಲಸಕ್ಕೆ ಅಡ್ಡಿ ಅನ್ನಿಸಿದರೆ ಸರ್ಕಾರ ಅವಳ ರಾಜೀನಾಮೆ ಕೇಳಬಹುದು ಅಂತೆಲ್ಲ ಆ ಸೇವೆಯಲ್ಲಿ ನಿಯಮ ಇತ್ತು. ಬಡ್ತಿ ತಪ್ಪಿಸಿದಾಗ ಮುತ್ತಮ್ಮ ಸುಪ್ರೀಂ ಕೋರ್ಟಿಗೆ ಹೋದರು. ವಿಚಾರಣೆಯ ನಡುವೆಯೇ ಅವರಿಗೆ ಬಡ್ತಿ ಸಿಕ್ಕಿದ್ದರಿಂದ ಅರ್ಜಿ ಅಲ್ಲಿಗೆ ಮುಗಿಯಿತು. ಆದರೆ 1979ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಆ ನಿಯಮಗಳನ್ನು ಕಟುವಾಗಿ ಟೀಕಿಸಿ, ಸೇವಾ ನಿಯಮಗಳಲ್ಲಿ ಹೆಣ್ಣು–ಗಂಡಿನ ಭೇದ ತೆಗೆಯಿರಿ ಅಂದರು. ಆ ಸುದ್ದಿಯ ಪತ್ರಿಕೆ ತುಂಡನ್ನು ಚಿಕ್ಕಿ ತನ್ನ ಇಲಾಖಾ ಪರೀಕ್ಷೆಯ ಪುಸ್ತಕದೊಳಗೆ ಇಟ್ಟಿದ್ದಳು. ಈಗಲೂ ಅಲ್ಲೇ ಇದೆ. ಹಳದಿಯಾಗಿದೆ, ಮಡಿಕೆಯಲ್ಲಿ ಹರಿದಿದೆ. ದೆಹಲಿಯಲ್ಲಿ ರಾಯಭಾರಿಯೊಬ್ಬರು ಹೂಡಿದ ಮೊಕದ್ದಮೆ ಸಾಗರ ಸೀಮೆಯ ಒಬ್ಬ ಗುಮಾಸ್ತೆಯ ಕೈಗೆ ಬಲ ಕೊಟ್ಟಿತು. ನನಗೆ ಇದು ತುಂಬ ದೊಡ್ಡ ಸಂಗತಿ ಅನ್ನಿಸುತ್ತದೆ.

ಹೋಬಳಿ ಸಿಕ್ಕ ಮೇಲೆ ಬೈಕು ಬಂತು. ಕೈ ಬದಲಾದ ಯೆಜ್ಡಿ. ನಮ್ಮ ಮೈಸೂರಿನ ಕಾರ್ಖಾನೆಯದು. ಓಡಿಸಿದವರಿಗೆ ನೆನಪಿರುತ್ತದೆ, ಅದರಲ್ಲಿ ಕಿಕ್ಕರ್ರೂ ಗೇರೂ ಒಂದೇ ಸರಳು. ಸ್ಟಾರ್ಟ್ ಮಾಡಿ ಅದನ್ನೇ ಮುಂದಕ್ಕೆ ತಿರುಗಿಸಿದರೆ ಗೇರು. ಚಿಕ್ಕಿ ಸೀರೆಯ ಒಳಗೆ ಪ್ಯಾಂಟು ಹಾಕಿಕೊಂಡು, ಸೆರಗು ಸೊಂಟಕ್ಕೆ ಬಿಗಿದು ಕಲಿತಳು. ಊರವರು ನಗಲಿಲ್ಲ ಅಂತ ಹೇಳಲಾರೆ. ಆದರೆ ಬೇರೆ ದಾರಿ ಇರಲಿಲ್ಲ. ಒಂದೊಂದು ಹಳ್ಳಿಗೆ ದಿನಕ್ಕೆ ಒಂದೇ ಬಸ್ಸು. ಬೆಳಿಗ್ಗೆ ಹೋದದ್ದು ಸಂಜೆ ಬರಬೇಕು, ಮಳೆಗಾಲದಲ್ಲಿ ಅದೂ ಇಲ್ಲ. ಹೋಬಳಿ ನೋಡಬೇಕು ಅಂದ್ರೆ ಸ್ವಂತ ಗಾಡಿ ಬೇಕೇ ಬೇಕು. ಗಾಡಿ ಹೋಗುವ ತನಕ ಗಾಡಿ, ಆಮೇಲೆ ಕಾಲು.

ಮಳೆಗಾಲದ ಮಹಜರು, ಅಂದರೆ ಸಾಕ್ಷಿಗಳ ಎದುರು ಸ್ಥಳ ನೋಡಿ ವರದಿ ಬರೆಯುವುದು, ಹೇಗಿರುತ್ತದೆ ಅಂತ ಒಂದು ಉದಾಹರಣೆ ಕೊಡುತ್ತೇನೆ. ಹೊಸನಗರ ತಾಲ್ಲೂಕು. ಹುಲಿಕಲ್ ಆಸುಪಾಸಿನಲ್ಲಿ ಮಳೆ ಹೇಗೆ ಅಂತ ನಿಮಗೆ ವಿವರಿಸಬೇಕಿಲ್ಲ. ಆಗುಂಬೆಯ ಜೊತೆ ಸ್ಪರ್ಧೆಗೆ ನಿಲ್ಲುವ ಜಾಗ, ವರ್ಷಕ್ಕೆ 7,000 ಮಿಲಿಮೀಟರ್ ಬಿದ್ದರೂ ಯಾರೂ ಹುಬ್ಬೇರಿಸುವುದಿಲ್ಲ. ಅಲ್ಲಿ ಒಂದು ಮನೆ ಬಿದ್ದಿದೆ ಅಂತ ಅರ್ಜಿ ಬಂತು. ಪರಿಹಾರದ ನಿಯಮದಲ್ಲಿ ಭಾಗಶಃ ಬಿದ್ದ ಮನೆಗೆ ಒಂದು ದರ, ಪೂರ್ತಿ ಬಿದ್ದದ್ದಕ್ಕೆ ಬೇರೆ ದರ. ಎರಡರ ನಡುವೆ ತುಂಬ ವ್ಯತ್ಯಾಸ. ಕಚೇರಿಯಲ್ಲೇ ಕೂತು ‘ಭಾಗಶಃ’ ಅಂತ ಬರೆದರೆ ಯಾರೂ ಕೇಳುವುದಿಲ್ಲ. ನಡುವೆ ಹಳ್ಳ ತುಂಬಿತ್ತು, ಸಂಕದ (ಕಾಲುಸೇತುವೆಯ) ಮೇಲೆ ನೀರು ಹರಿಯುತ್ತಿತ್ತು. ಚಿಕ್ಕಿ ಒಂದು ಹಗ್ಗ ತರಿಸಿ, ಈಚೆ ಮರಕ್ಕೂ ಆಚೆ ಮರಕ್ಕೂ ಕಟ್ಟಿಸಿ, ಅದನ್ನು ಹಿಡಿದುಕೊಂಡು ಸಂಕ ದಾಟಿದಳು. ತಲೆ ಮೇಲೆ ಕಂಬಳಿ ಕೊಪ್ಪೆ. ಕಾಲಿಗೆ ಸುಣ್ಣ, ಹೊಗೆಸೊಪ್ಪಿನ ನೀರು ಹಚ್ಚಿಕೊಂಡಿದ್ದರೂ ಉಂಬಳ (ಜಿಗಣೆ) ಬಿಟ್ಟಿರಲಿಲ್ಲ.

ಹೋಗಿ ನೋಡಿದರೆ ಬಿದ್ದದ್ದು ಪಡುವಣ ಗೋಡೆ ಒಂದೇ. ಕಾಗದದ ಲೆಕ್ಕಕ್ಕೆ ಅದು ಭಾಗಶಃ. ಆದರೆ ಅವಳು ಉಳಿದ ಮೂರು ಗೋಡೆಗಳನ್ನೂ ಕೈಯಿಂದ ಮುಟ್ಟಿ ನೋಡಿದಳು. ಮಣ್ಣು ಬೆರಳಿಗೆ ಬರುತ್ತಿತ್ತು. ಯಾಕೆ ಹೀಗಾಯಿತು ಅಂತ ಕೇಳಿದಳು. ನಮ್ಮ ಕಡೆ ಮಳೆಗಾಲಕ್ಕೆ ಮುಂಚೆ ಗೋಡೆಗೆ ಎರಚಲು ಬಡಿಯದ ಹಾಗೆ ಅಡಿಕೆ ಸೋಗೆಯ ಜಡಿ ಕಟ್ಟುತ್ತೇವೆ ಅಲ್ವಾ? ಆ ಮನೆಯವರು ಆ ವರ್ಷ ಜಡಿ ಕಟ್ಟಿರಲಿಲ್ಲ. ತೋಟ ಇದ್ದವರಿಗೆ ಸೋಗೆ. ಇವರಿಗೆ ತೋಟ ಇಲ್ಲ, ಬೇರೆಯವರ ತೋಟದಿಂದ ತರುತ್ತಿದ್ದರು, ಆ ವರ್ಷ ಕೊಟ್ಟಿರಲಿಲ್ಲ. ಇಷ್ಟನ್ನೂ ಚಿಕ್ಕಿ ಮಹಜರಿನಲ್ಲಿ ಬರೆದಳು. ‘ಉಳಿದ ಗೋಡೆಗಳು ನೆನೆದು ಸಡಿಲವಾಗಿವೆ, ಮನೆ ವಾಸಕ್ಕೆ ಯೋಗ್ಯವಿಲ್ಲ’ ಅಂತ ಷರಾ ಹಾಕಿ ಪಂಚರ ಸಹಿ ತೆಗೆದುಕೊಂಡಳು. ಆ ರಾತ್ರಿಯೇ ಮನೆಯವರನ್ನು ಊರಿನ ಶಾಲೆಗೆ ಸೇರಿಸಿದಳು. ಪೂರ್ತಿ ಪರಿಹಾರ ಸಿಕ್ಕಿತು. ನೆನಪಿಡಿ, ಅವಳು ನಿಯಮ ಮುರಿಯಲಿಲ್ಲ. ಸ್ಥಳ ತನಿಖೆ ಮಾಡಬೇಕು ಅನ್ನುವುದೇ ನಿಯಮ. ಅವಳು ಅದನ್ನು ಮಾಡಿದಳು, ಅಷ್ಟೇ.

ಮಹಜರಿನ ವಿಷಯದಲ್ಲಿ ಅವಳದ್ದು ಇನ್ನೊಂದು ಕ್ರಮ ಇತ್ತು. ಮಲೆನಾಡಿನಲ್ಲಿ ಯಾರ ಮನೆಗೆ ಹೋದರೂ ಬೆಲ್ಲ–ನೀರು, ಕಾಫಿ, ಕಡುಬು, ಹಲಸಿನ ಹಪ್ಪಳ ಎದುರಿಗೆ ಬರುತ್ತವೆ. ಬೇಡ ಅಂದ್ರೆ ನೊಂದುಕೊಳ್ಳುತ್ತಾರೆ. ಚಿಕ್ಕಿ ಬೇಡ ಅನ್ನುತ್ತಿರಲಿಲ್ಲ. ಸಹಿಯಾಗಿ, ಕಾಗದ ಚೀಲಕ್ಕೆ ಹೋದ ಮೇಲೆ ಜಗಲಿಗೆ ಬಂದು ಕೂತು ಎರಡು ಸಲ ಹಾಕಿಸಿಕೊಂಡು ತಿನ್ನುತ್ತಿದ್ದಳು. ಸಹಿಗೆ ಮುಂಚೆ ನೀರೂ ಮುಟ್ಟುತ್ತಿರಲಿಲ್ಲ. ದುಡ್ಡಿನ ವಿಷಯ ನಾನು ಹೇಳುವುದೇ ಇಲ್ಲ. ಅವಳ ಜೊತೆ ಕೆಲಸ ಮಾಡಿದವರು ಇಲ್ಲಿದ್ದೀರಿ, ನಿಮಗೇ ಗೊತ್ತು. ಅದಕ್ಕೆ ಅವಳು ತೆತ್ತದ್ದೂ ಗೊತ್ತು. ವರ್ಗಾವಣೆಯ ಮೇಲೆ ವರ್ಗಾವಣೆ. ಕಷ್ಟದ ಹೋಬಳಿ ಯಾವುದಿದೆಯೋ ಅಲ್ಲಿಗೆ. ಅಮ್ಮ ಅಳುತ್ತಿದ್ದರೆ ಚಿಕ್ಕಿ ಹೊಸ ಹೋಬಳಿಯ ನಕಾಶೆ ಬಿಡಿಸಿಕೊಂಡು ಕೂರುತ್ತಿದ್ದಳು.

ಹಾಗೆ ಒಂದು ಸಲ ಹಿನ್ನೀರಿನ ಆಚೆ ಕಡೆಗೆ ಬಂದಳು. ತುಮರಿ, ಕರೂರು–ಬಾರಂಗಿ ಸೀಮೆ. ನೀರು ತುಂಬಿದ ಮೇಲೆ ದ್ವೀಪದ ಹಾಗಾದ ನೆಲ. ಸಾಗರಕ್ಕೆ ಬರಬೇಕು ಅಂದ್ರೆ ಲಾಂಚು. ಸಂಜೆ ಲಾಂಚು ತಪ್ಪಿದರೆ ಮಾರನೆ ಬೆಳಿಗ್ಗೆ. ಅಲ್ಲಿ ಅವಳು ತೆಪ್ಪ ಹಾಕಲು ಕಲಿತಳು. ಕಲಿಸಿದವರು ಅಲ್ಲಿನ ಹೆಂಗಸರು. ಬೇಸಿಗೆಯಲ್ಲಿ ನೀರು ಇಳಿದಾಗ ಮುಳುಗಿದ ಮರಗಳ ಬುಡ ಮೇಲೆ ಬರುತ್ತವೆ. ಅದರ ನಡುವೆ ತೆಪ್ಪ ನಡೆಸುವುದು ಹುಡುಗಾಟವಲ್ಲ. ಒಂದು ಚುನಾವಣೆಯಲ್ಲಿ ಮತಪೆಟ್ಟಿಗೆ ತರುವ ಲಾಂಚು ಹೀಗೇ ಬುಡಕ್ಕೆ ತಾಗಿ ಕತ್ತಲಲ್ಲಿ ನಿಂತುಬಿಟ್ಟಿತು. ಉಳಿದವರು ಪೆಟ್ಟಿಗೆ ಕಾಯುತ್ತಾ ಕೂತರು. ಚಿಕ್ಕಿ ತೆಪ್ಪದಲ್ಲಿ ದಡಕ್ಕೆ ಹೋಗಿ ಜನ ಕರೆದುಕೊಂಡು ಬಂದಳು. ಇದನ್ನು ಮನೆಯಲ್ಲಿ ಎಲ್ಲರೂ ದೊಡ್ಡ ಸಾಹಸ ಅಂತ ಹೇಳುತ್ತಾರೆ. ಅವಳ ಕಿರುಪುಸ್ತಕದಲ್ಲಿ ಅದು ಒಂದೇ ಸಾಲು: ‘ಲಾಂಚ್ ನಿಂತಿತು. ರಾತ್ರಿ ಪೆಟ್ಟಿಗೆಗಳು ಸುರಕ್ಷಿತ.’

ನಾನು ರಜೆಗೆ ಅವಳ ಹತ್ತಿರ ಹೋಗುತ್ತಿದ್ದದ್ದು ಆಗಲೇ. ಒಂದು ಮೇ ತಿಂಗಳು ನೀರು ತೀರಾ ಇಳಿದಿತ್ತು. ಮಡೆನೂರು ಅಣೆಕಟ್ಟು ಪೂರ್ತಿ ಕಾಣುತ್ತಿತ್ತು. ಹಿರೇಭಾಸ್ಕರ ಅಂತಲೂ ಅನ್ನುತ್ತಾರೆ. ಜೋಗದ ಹಳೆಯ ವಿದ್ಯುತ್ ಕೇಂದ್ರಕ್ಕೆ ನೀರು ಕೊಡಲು ನಲವತ್ತರ ದಶಕದಲ್ಲಿ ಕಟ್ಟಿದ್ದು. ಲಿಂಗನಮಕ್ಕಿ ಬಂದಾಗ ಹಳ್ಳಿಗಳ ಜೊತೆ ಆ ಅಣೆಕಟ್ಟೂ ಮುಳುಗಿತು. ಒಂದು ಅಣೆಕಟ್ಟನ್ನು ಇನ್ನೊಂದು ಅಣೆಕಟ್ಟು ನುಂಗಿದ ಜಾಗ ಅದು. ಅದರ ಮೇಲೆ ನಡೆದು, ಸೈಫನ್‌ಗಳ ದೊಡ್ಡ ಬಾಯಿಗಳನ್ನು ನೋಡಿ, ಬಿರುಕು ಬಿಟ್ಟ ಮಣ್ಣಿನಲ್ಲಿ ಚಿಕ್ಕಿಯ ಹಿಂದೆ ಹೋದೆವು. ಅವಳು ಚೀಲದಿಂದ ಹಳೆಯ ಗ್ರಾಮ ನಕಾಶೆಯ ಪ್ರತಿ ತೆಗೆದಳು. ಹಳ್ಳದ ತಿರುವು ಹಿಡಿದುಕೊಂಡು, ಮರದ ಬುಡ ಹಿಡಿದುಕೊಂಡು, ಹೆಜ್ಜೆ ಹಾಕುತ್ತಾ ಹೋಗಿ ಒಂದು ಕಡೆ ನಿಂತಳು. ಕಾಲಿನಿಂದ ಕೆಸರು ಸರಿಸಿದರೆ ಕೆಂಪು ಕಲ್ಲಿನ ಪಂಚಾಂಗ, ಅಂದರೆ ತಳಪಾಯ. ಅದು ಅಜ್ಜನ ಮನೆ.

ನಾನು ಅವಳು ಅಳುತ್ತಾಳೆ ಅಂದುಕೊಂಡಿದ್ದೆ. ಅವಳು ನನಗೆ ಪಾಠ ಶುರು ಮಾಡಿದಳು. ಸರ್ವೆ ಸರಪಳಿ 33 ಅಡಿ ಉದ್ದ, ಅದಕ್ಕೆ 16 ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಇದ್ದರೆ ಒಂದು ಗುಂಟೆ. ಅಂಥ 40 ಗುಂಟೆಗೆ ಒಂದು ಎಕರೆ. ಆಮೇಲೆ ಗದ್ದೆಯ ಕಡೆ ಕೈ ತೋರಿಸಿ, ‘ಬಾ, ನಿನ್ನ ಅಜ್ಜ ಎಷ್ಟು ಗುಂಟೆ ಉಳುತ್ತಿದ್ದರು ಅಳೆಯೋಣ’ ಅಂದಳು. ಹಗ್ಗಕ್ಕೆ ಗಂಟು ಹಾಕಿಕೊಂಡು ಬಿಸಿಲಲ್ಲಿ ಅಳೆದೆವು. ಯಾವ ಕಚೇರಿಗೂ ಬೇಡವಾದ ಆ ಅಳತೆಯನ್ನು ಅವಳು ತಾರೀಕು ಹಾಕಿ ಬರೆದಿಟ್ಟಳು. ಆ ದಿನದಿಂದ ನನಗೆ ಪಹಣಿ ಅನ್ನುವುದು ಬರೀ ಕಾಗದವಾಗಿ ಕಂಡಿಲ್ಲ.

ಪಹಣಿ ಅಂದೆ, ಭೂಮಿ ಯೋಜನೆಯ ಮಾತು ಹೇಳಬೇಕು. 2000ದ ಆಸುಪಾಸಿನಲ್ಲಿ ಕೈಬರಹದ ಪಹಣಿಗಳೆಲ್ಲ ಕಂಪ್ಯೂಟರಿಗೆ ಹೋದವು. ಚಿಕ್ಕಿ ಆಗ ಶಿರಸ್ತೇದಾರ್. ಗಡಿಬಿಡಿಯ ಕೆಲಸ. ಶಾನುಭೋಗರ ಕಾಲದಿಂದ ಬಂದ ಮೋಡಿ ಅಕ್ಷರ, ಅಳಿಸಿದ ಹೆಸರು, ಒಂದೇ ಹೆಸರಿನ ನಾಲ್ಕು ಜನ. ‘ಕೋಂ’ (ಇಂಥವರ ಹೆಂಡತಿ) ಇರುವ ಕಡೆ ‘ಬಿನ್’ (ಇಂಥವರ ಮಗ) ಬಿದ್ದರೆ ಹೆಂಡತಿ ಮಗನಾಗುತ್ತಾಳೆ. ಕಾಲಂ 9ರ ಮಾಲೀಕನ ಹೆಸರನ್ನು ಸರಿಯಾಗಿ ಹೊಡೆದು, ಕಾಲಂ 12ರ ಸಾಗುವಳಿದಾರನ ಹೆಸರನ್ನು ಬಿಟ್ಟುಬಿಟ್ಟರೆ ಒಂದು ಮನೆತನವೇ ಕಾಗದದಿಂದ ಮಾಯ. ಅವಳಿಗೆ ಆ ಕಾಲಂ ಯಾಕೆ ಅಷ್ಟು ಮುಖ್ಯ ಅಂತ ನಿಮಗೆ ಈಗ ಗೊತ್ತಾಗಿರುತ್ತದೆ. ಪ್ರತಿ ಊರಿನ ಪ್ರಿಂಟ್ ತೆಗೆಸಿ, ಊರ ನಡುವೆ ಜನ ಸೇರಿಸಿ, ಒಂದೊಂದೇ ಹೆಸರನ್ನು ಗಟ್ಟಿಯಾಗಿ ಓದಿಸುತ್ತಿದ್ದಳು. ತಪ್ಪು ಇದ್ದರೆ ಅಲ್ಲೇ ಗುರುತು. ಗಂಟಲು ಕಟ್ಟಿದರೂ ಓದು ನಿಲ್ಲಿಸುತ್ತಿರಲಿಲ್ಲ. ಸಂಕ ದಾಟಿದ್ದಕ್ಕಿಂತ, ತೆಪ್ಪ ಹಾಕಿದ್ದಕ್ಕಿಂತ ನಾನು ಇದನ್ನು ದೊಡ್ಡದು ಅನ್ನುತ್ತೇನೆ. ಆ ಊರುಗಳವರು ಮುಂದೆ ಸಾಲಕ್ಕೆ, ಭಾಗಕ್ಕೆ, ಕೋರ್ಟಿಗೆ ಹೋದಾಗ ಹೆಸರು ಸರಿ ಇತ್ತು. ಸರಿ ಇದ್ದದ್ದು ಯಾರಿಂದ ಅಂತ ಯಾರಿಗೂ ನೆನಪಿರುವುದಿಲ್ಲ. ಸರಿ ಇದ್ದ ಕಾಗದವನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ?

ಅವಳ ಜೊತೆ ಇರುವುದು ಸುಲಭವಾಗಿರಲಿಲ್ಲ. ಇದನ್ನೂ ಹೇಳಬೇಕು. ಕೈಕೆಳಗಿನ ಹುಡುಗರ ಕಡತವನ್ನು ಮೂರು ಸಲ, ನಾಲ್ಕು ಸಲ ವಾಪಸ್ ಕಳಿಸುತ್ತಿದ್ದಳು. ಮಳೆಯಲ್ಲಿ ನೆನೆದು ಬಂದವನನ್ನೂ ‘ಚಕ್ಕುಬಂದಿಯಲ್ಲಿ (ಜಾಗದ ನಾಲ್ಕು ಗಡಿಗಳ ವಿವರದಲ್ಲಿ) ಬಡಗಣಕ್ಕೆ ಏನಿದೆ ಬರೆದಿಲ್ಲ’ ಅಂತ ಮತ್ತೆ ಓಡಿಸಿದ್ದಾಳೆ. ಅವಳಿಗಿದ್ದ ಮೈಕಸುವು, ಅವಳಿಗಿದ್ದ ಸಿಟ್ಟು ಎಲ್ಲರಿಗೂ ಇರಬೇಕು ಅಂತ ಬಯಸುವುದು ನ್ಯಾಯ ಅಲ್ಲ ಅಂತ ನಾನು ಅವಳ ಎದುರಿಗೇ ಹೇಳಿದ್ದೇನೆ. ಮನೆಯ ಮದುವೆ, ಉಪನಯನಗಳಿಗೆ ಅವಳು ಬರುತ್ತಿದ್ದದ್ದು ಅಪರೂಪ. ಕಂದಾಯ ಲೆಕ್ಕದ ವಾರ್ಷಿಕ ತಪಾಸಣೆ, ಅಂದರೆ ಜಮಾಬಂದಿ, ಇದ್ದರಂತೂ ಇಲ್ಲವೇ ಇಲ್ಲ. ಅವಳು ಮದುವೆಯಾಗಲಿಲ್ಲ. ಯಾಕೆ ಅಂತ ಜನ ನನ್ನನ್ನು ಈಗಲೂ ಕೇಳುತ್ತಾರೆ. ಅವಳನ್ನು ಯಾರೂ ಕೇಳುತ್ತಿರಲಿಲ್ಲ, ಆ ಧೈರ್ಯ ಯಾರಿಗೂ ಇರಲಿಲ್ಲ. ನಾನೂ ಕೇಳಿಲ್ಲ.

2008ರಲ್ಲಿ ಸರ್ಕಾರ ನಿವೃತ್ತಿಯ ವಯಸ್ಸನ್ನು 58ರಿಂದ 60ಕ್ಕೆ ಏರಿಸಿತು. ಅವಳಷ್ಟು ಖುಷಿ ಪಟ್ಟವರನ್ನು ನಾನು ನೋಡಿಲ್ಲ. 2012ರಲ್ಲಿ ನಿವೃತ್ತಿ. ಅದೇ ವರ್ಷ ಮಾನಸ ಸರೋವರಕ್ಕೆ ಹೋದಳು, ಲಿಪುಲೇಖ್ ದಾರಿಯಲ್ಲಿ, ನಡೆದುಕೊಂಡು. ಡೋಲ್ಮಾ ಕಣಿವೆ 5,600 ಮೀಟರ್‌ಗಿಂತ ಎತ್ತರ. ವಾಪಸ್ ಬಂದು ನಮಗೆ ಅವಳು ಹೇಳಿದ್ದರಲ್ಲಿ ಅರ್ಧ ಕೈಲಾಸದ ಬಗ್ಗೆ, ಇನ್ನರ್ಧ ಆ ಪ್ರಯಾಣಕ್ಕೆ ಸರ್ಕಾರ ಎಷ್ಟು ಅಚ್ಚುಕಟ್ಟಾಗಿ ಕಾಗದಪತ್ರ ಮಾಡುತ್ತದೆ ಅನ್ನುವುದರ ಬಗ್ಗೆ.

2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಮಂಗನ ಕಾಯಿಲೆ ಬಂದು ಜನ ಸತ್ತರು. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಮೊದಲು ಕಂಡದ್ದು, ಇನ್ನೂ ನಮ್ಮನ್ನು ಬಿಟ್ಟಿಲ್ಲ. ಕಾಯಿಲೆ ಹರಡುವ ಉಣುಗು (ಉಣ್ಣೆ) ಕಚ್ಚದ ಹಾಗೆ ಕಾಡಿಗೆ ಹೋಗುವ ಮುಂಚೆ ಡಿಎಂಪಿ ಎಣ್ಣೆ ಹಚ್ಚಿಕೊಳ್ಳಬೇಕು. ಸತ್ತ ಮಂಗ ಕಂಡರೆ ತಕ್ಷಣ ತಿಳಿಸಬೇಕು. ಇದನ್ನು ಹೇಳಿಕೊಂಡು ಆ ವಯಸ್ಸಿನಲ್ಲಿ ಮನೆ ಮನೆ ಸುತ್ತಿದಳು. ಆಗ ಯಾರೂ ಅವಳಿಗೆ ಆದೇಶ ಕೊಟ್ಟಿರಲಿಲ್ಲ.

2025ರ ಜುಲೈನಲ್ಲಿ ಸಿಗಂದೂರಿನ ಸೇತುವೆ ತೆರೆಯಿತು. ಎರಡೂವರೆ ಕಿಲೋಮೀಟರ್ ಹತ್ತಿರ ಉದ್ದ. ಅದನ್ನು ನೋಡಲು ಕರೆದುಕೊಂಡು ಹೋದೆವು. ಅಷ್ಟು ಹೊತ್ತಿಗೆ ಅವಳಿಗೆ ಜಾಸ್ತಿ ನಡೆಯಲು ಆಗುತ್ತಿರಲಿಲ್ಲ. ಕಾರಿನ ಕಿಟಕಿ ಇಳಿಸಿಕೊಂಡು ಕೂತಿದ್ದಳು. ‘ಇನ್ನು ಹೆರಿಗೆ ನೋವು ಬಂದವರು ಬೆಳಗಿನ ಲಾಂಚಿಗೆ ಕಾಯಬೇಕಾಗಿಲ್ಲ’ ಅಂದಳು. ಅವಳಿದ್ದ ಕಾಲದಲ್ಲಿ ಹಾಗೆ ಕಾದವರು ಯಾರು ಯಾರು ಅಂತ ಅವಳಿಗೆ ಗೊತ್ತಿತ್ತು.

ಕಿರುಪುಸ್ತಕಗಳ ವಿಷಯಕ್ಕೆ ಬರುತ್ತೇನೆ ಅಂದಿದ್ದೆ. ಒಂದು ಟ್ರಂಕಿನ ತುಂಬ ಇವೆ. ನಿವೃತ್ತಿಯಾದ ಮೇಲೆ ಅವಳು ಅವುಗಳಿಂದ ಒಂದು ದೊಡ್ಡ ಪುಸ್ತಕ ಮಾಡಲು ಕೂತಳು. ಮುಳುಗಡೆಯಾದ ಊರುಗಳ ಗದ್ದೆ, ಬಾವಿ, ಕೆರೆ, ಕಟ್ಟೆ, ದಾರಿ, ಹಕ್ಕಲು ಇವುಗಳ ಹೆಸರುಗಳು. ಸರ್ವೆ ನಂಬರ್ ಸರ್ಕಾರದ ಹತ್ತಿರ ಇದೆ. ಹೆಸರು ಇರುವುದು ಜನರ ಬಾಯಲ್ಲಿ ಮಾತ್ರ, ಆ ಜನ ಒಬ್ಬೊಬ್ಬರೇ ಹೋಗುತ್ತಿದ್ದಾರೆ. ಶೆಟ್ಟಿಹಳ್ಳಿ ಕಾಡಿನೊಳಗೆ ಇರುವವರನ್ನು, ಸಾಗರ, ಹೊಸನಗರ, ಶಿವಮೊಗ್ಗ ತಾಲ್ಲೂಕುಗಳಲ್ಲಿ ಚದುರಿರುವವರನ್ನು ಹುಡುಕಿಕೊಂಡು ಹೋಗಿ ಕೇಳಿದ್ದಾಳೆ. ಯಾರು ಹೇಳಿದರು, ಯಾವ ದಿನ ಹೇಳಿದರು ಎಲ್ಲ ದಾಖಲಾಗಿದೆ. ಇಬ್ಬರು ಒಂದೇ ಹೆಸರು ಹೇಳಿದರೆ ಪಕ್ಕದಲ್ಲಿ ಸರಿ ಗುರುತು. ಒಬ್ಬರೇ ಹೇಳಿದ್ದರೆ ಅದು ಪೆನ್ಸಿಲ್‌ನಲ್ಲಿದೆ.

ಪುಸ್ತಕ ಮುಗಿದಿಲ್ಲ. ಹೊಳೆಯ ಎಡದಂಡೆಯ ಪುಟಗಳು ತುಂಬಿವೆ, ಬಲದಂಡೆಯದು ಬಹಳಷ್ಟು ಖಾಲಿ. ನಾನೂ ನನ್ನ ತಮ್ಮನೂ ಅದನ್ನು ಮುಂದುವರಿಸುತ್ತಿದ್ದೇವೆ. ಅದಕ್ಕೇ ಈಗ ನಿಮ್ಮನ್ನು ಕೇಳುತ್ತೇನೆ. ನಿಮ್ಮಲ್ಲಿ ಎಷ್ಟೋ ಜನರ ಮನೆಯವರು ಆ ಕಡೆಯಿಂದ ಬಂದವರು. ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿ ಇದ್ದರೆ, ಇವತ್ತು ಹೋಗಿ ಕೇಳಿ: ನಿಮ್ಮ ಗದ್ದೆಗೆ ಏನು ಹೆಸರು, ನೀರು ಎಲ್ಲಿಂದ ಬರುತ್ತಿತ್ತು, ಪಕ್ಕದ ಗದ್ದೆ ಯಾರದು. ಅವರು ಹೇಳಿದ ಹಾಗೇ ಬರೆದುಕೊಳ್ಳಿ, ತಿದ್ದಬೇಡಿ. ಹಳೆಯ ಗೇಣಿ ಚೀಟಿ, ಮುಳುಗಡೆಯ ನೋಟಿಸು, ಪರಿಹಾರದ ಕಾಗದ ಇದ್ದರೆ ಅದರ ಫೋಟೋ ಸಾಕು, ಮೂಲ ನಿಮ್ಮ ಹತ್ತಿರವೇ ಇರಲಿ. ಬಾಗಿಲ ಹತ್ತಿರದ ಮೇಜಿನ ಮೇಲೆ ಚಿಕ್ಕಿ ಮಾಡಿದ ನಮೂನೆಯ ಪ್ರತಿಗಳಿವೆ, ಹೋಗುವಾಗ ಒಂದೊಂದು ತೆಗೆದುಕೊಂಡು ಹೋಗಿ. ಕೊನೆಯ ಕಾಲಂನಲ್ಲಿ ಹೇಳಿದವರ ಹೆಸರು ಬರೆಯುವುದನ್ನು ಮಾತ್ರ ಮರೆಯಬೇಡಿ.